ಸಿಎಂಟಿ ಇದ್ದವರು ಹಗಲಿನ ಸುಸ್ತಿಗೆ ಮೊಡಾಫಿನಿಲ್ ತಗೊಂಡಿದ್ದೀರಾ?

ಸೀಮೆಸುಣ್ಣ

ಎಲ್ಲರಿಗೂ ನಮಸ್ಕಾರ. ನನಗೆ 39 ವರ್ಷ, ತುಮಕೂರು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಾಲ್ಕು ವರ್ಷದ ಹಿಂದೆ ಸಿಎಂಟಿ 1ಎ ಅಂತ ಗೊತ್ತಾಯಿತು. ಪೂರ್ತಿ ಹೆಸರು ಚಾರ್ಕೋ-ಮಾರಿ-ಟೂತ್, ಕೈಕಾಲಿನ ನರ ನಿಧಾನವಾಗಿ ಸೋಲುವ, ಮನೆತನದಲ್ಲಿ ಬರುವ ಕಾಯಿಲೆ; 1ಎ ಅದರ ಒಂದು ಬಗೆ. ರಜೆ ಅರ್ಜಿಯಲ್ಲಿ ಆ ಹೆಸರು ಓದಿ ನಮ್ಮ ಹೆಡ್‌ಮಾಸ್ಟರು "ಹಲ್ಲಿನ ಕಾಯಿಲೆಗೆ ಇಷ್ಟು ದಿನ ರಜೆ ಯಾಕಮ್ಮ" ಅಂದಿದ್ದರು. ಅವರದೇನೂ ತಪ್ಪಿಲ್ಲ ಬಿಡಿ, ನನಗೂ ಮೊದಲ ದಿನ ಹಾಗೇ ಅನ್ನಿಸಿತ್ತು.

ಅಪ್ಪನಿಗೂ ಇದೇ ಇತ್ತು. ಆಗ ಹೆಸರು ಯಾರಿಗೆ ಗೊತ್ತಿತ್ತು, ಊರಲ್ಲಿ ಕೊಕ್ಕರೆ ನಡಿಗೆ ಅನ್ನುತ್ತಿದ್ದರು ಅಷ್ಟೇ. ಹವಾಯಿ ಚಪ್ಪಲಿ ಕಾಲಿಂದ ಜಾರಿ ಬಿದ್ದು ಹತ್ತು ಹೆಜ್ಜೆ ಮುಂದೆ ಹೋದರೂ ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಹಿಂದಿನಿಂದ ಅದನ್ನು ಎತ್ತಿಕೊಂಡು ಓಡುವುದು ನನ್ನ ಕೆಲಸ. ಈಗ ಆ ಕೆಲಸ ನನ್ನ ಮಗನದು.

ಕಾಲು, ಕೈ ಹೇಗೋ ಸಂಭಾಳಿಸುತ್ತೇನೆ. ಸೀರೆಗೆ ಪಿನ್ ಹಾಕೋಕೆ ಅತ್ತೆ ಬೇಕು, ಬೆಳ್ಳುಳ್ಳಿ ಸುಲಿಯೋಕೆ ಯಜಮಾನರು ಬೇಕು, ಅದೆಲ್ಲ ಅಭ್ಯಾಸ ಆಗಿಹೋಗಿದೆ. ಆದರೆ ಈ ಒಂದು ವರ್ಷದಿಂದ ಹಗಲಿನ ಸುಸ್ತು ತಡೆಯೋಕಾಗುತ್ತಿಲ್ಲ. ಊಟ ಆದ ಮೇಲೆ ಶುರು. ಹೋದ ವಾರ ಏಳನೇ ಪೀರಿಯಡ್‌ನಲ್ಲಿ ಬೋರ್ಡ್ ಮೇಲೆ ಸಮೀಕರಣ ಬರೆಯುತ್ತಾ ಬರೆಯುತ್ತಾ ಸಮ ಚಿಹ್ನೆಯ ಹತ್ತಿರ ಕೈ ನಿಂತುಹೋಯಿತು. ಹಣೆ ಬೋರ್ಡಿಗೆ ತಾಗಿಸಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಮಕ್ಕಳು ಗಲಾಟೆ ಮಾಡಲಿಲ್ಲ, ಅದೇ ಹೆಚ್ಚು ಬೇಜಾರಾಯಿತು. ಒಬ್ಬ ಹುಡುಗಿ ಎದ್ದು ಬಂದು ಕೈಯಿಂದ ಸೀಮೆಸುಣ್ಣ ತಗೊಂಡು "ನೀವು ಹೇಳಿ ಮಿಸ್, ನಾನು ಬರೀತೀನಿ" ಅಂದಳು.

ಆರು ತಿಂಗಳ ಹಿಂದೆ ಡಾಕ್ಟರಿಗೆ ಹೇಳಿದಾಗ "ಸುಸ್ತು ಯಾರಿಗೆ ಇಲ್ಲಮ್ಮ" ಅಂತ ನಕ್ಕು ಕಳಿಸಿದರು. ಬೆಂಗಳೂರಿನಲ್ಲಿರುವ ನನ್ನ ದೊಡ್ಡಮ್ಮನ ಮಗ ಮೊಡಾಫಿನಿಲ್ ಅಂತ ಮಾತ್ರೆ ಇದೆ, ನಿದ್ದೆಯೇ ಬರಲ್ಲ, ತನ್ನ ಹತ್ತಿರ ಒಂದು ಸ್ಟ್ರಿಪ್ ಇದೆ ಕಳಿಸುತ್ತೇನೆ ಅನ್ನುತ್ತಿದ್ದಾನೆ. ತಗೊಳ್ಳಲಾ? ಅದು ಅಭ್ಯಾಸ ಆಗುತ್ತಾ? ರಾತ್ರಿ ನಿದ್ದೆ ಹಾಳಾಗುತ್ತಾ? ಸಿಎಂಟಿ ಇರುವವರು ಯಾರಾದರೂ ತಗೊಂಡಿದ್ದರೆ ಹೇಳಿ. ಈಗ ತಗೊಳ್ಳುತ್ತಿರುವುದು ಪಾದದ ಉರಿಗೆ ಪ್ರೀಗಾಬಲಿನ್ 75, ಬೆಳಿಗ್ಗೆ ಒಂದು ರಾತ್ರಿ ಒಂದು. ಮತ್ತೆ ಧೂಳಿನ ಅಲರ್ಜಿಗೆ ಸಿಟ್ರಿಜಿನ್, ಅದು ಲೆಕ್ಕಕ್ಕಿಲ್ಲ.

ಚಪ್ಪಲಿ ಕಳೆದವನು

ಮೇಡಂ, ನಿಮ್ಮ ಅಪ್ಪನ ಚಪ್ಪಲಿ ಕತೆ ಓದಿ ನಗು ಬಂತು, ನನ್ನ ಹೆಸರು ನೋಡಿ ಗೊತ್ತಾಗುತ್ತದೆ. ನನಗೂ 1ಎ. 34 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಮೊಡಾಫಿನಿಲ್ ಎರಡು ವರ್ಷದಿಂದ ತಗೊಳ್ಳುತ್ತಿದ್ದೇನೆ, ನರರೋಗ ಡಾಕ್ಟರೇ ಬರೆದುಕೊಟ್ಟಿದ್ದು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ಪ್ರಶ್ನೆ. ನಿಮ್ಮದು ತೂಕಡಿಕೆಯಾ, ಸುಸ್ತಾ? ನಾವು ಎರಡಕ್ಕೂ ಒಂದೇ ಮಾತು ಹೇಳಿಬಿಡುತ್ತೇವೆ, ಡಾಕ್ಟರೂ ಒಂದೇ ಕಿವಿಯಲ್ಲಿ ಕೇಳುತ್ತಾರೆ. ಕೂತಲ್ಲೇ ಕಣ್ಣು ಮುಚ್ಚಿ ಹೋದರೆ ಅದು ತೂಕಡಿಕೆ. ಕಣ್ಣು ಪೂರ್ತಿ ತೆರೆದಿದೆ, ಆದರೆ ಬಾಟಲಿ ಮುಚ್ಚಳ ತಿರುಗಿಸೋಕೂ ಮೈ ಒಪ್ಪಲ್ಲ ಅಂದರೆ ಸುಸ್ತು. ಈ ಮಾತ್ರೆ ಮೊದಲನೆಯದಕ್ಕೆ. 1998ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದೇ ನಾರ್ಕೊಲೆಪ್ಸಿಗೆ, ಅಂದರೆ ಹಗಲು ಹೊತ್ತಿನಲ್ಲಿ ದಬಕ್ಕಂತ ನಿದ್ದೆಗೆ ಬೀಳುವ ಕಾಯಿಲೆಗೆ. ಸಿಎಂಟಿಗೆ ಅಂತ ಇದನ್ನು ಯಾರೂ ಮಾಡಿಲ್ಲ. ಸಿಎಂಟಿ ಇರುವವರ ಮೇಲೆ ನೋಡಿದ್ದು ಅಂತ ನನ್ನ ಡಾಕ್ಟರು ತೋರಿಸಿದ್ದು 2006ರ ಒಂದು ಅಮೆರಿಕದ ವರದಿ. ಅದರಲ್ಲಿ ಎಷ್ಟು ಜನ ಅಂದುಕೊಂಡಿದ್ದೀರಿ? ನಾಲ್ಕು. ನಾಲ್ವರಿಗೂ ಸುಸ್ತು ಕಡಿಮೆ ಆಯಿತಂತೆ. ಆದರೆ ಸುಳ್ಳು ಮಾತ್ರೆ ಕೊಟ್ಟು ಹೋಲಿಸಿ ನೋಡಿಲ್ಲ. ನಮ್ಮ ಮನೆ ಮದುವೆ ಫೋಟೋದಲ್ಲಿ ಅದಕ್ಕಿಂತ ಜಾಸ್ತಿ ಸಿಎಂಟಿಯವರು ನಿಂತಿದ್ದಾರೆ.

ನನ್ನ ಅನುಭವ ಹೇಳಬೇಕೆಂದರೆ, ಬೆಳಿಗ್ಗೆ ಎಂಟಕ್ಕೆ 100 ಮಿಲಿಗ್ರಾಂ, ತಿಂಡಿ ಆದ ಮೇಲೆ. ಹತ್ತೂವರೆ ಹೊತ್ತಿಗೆ ತಲೆಯಲ್ಲಿ ಯಾರೋ ಕಿಟಕಿ ತೆಗೆದ ಹಾಗಾಗುತ್ತದೆ. ಕಾಫಿಯ ಹಾಗೆ ಎದೆ ಹೊಡೆದುಕೊಳ್ಳಲ್ಲ. ಮೊದಲ ವಾರ ತಲೆನೋವು ಇತ್ತು, ನೀರು ಜಾಸ್ತಿ ಕುಡಿದ ಮೇಲೆ ಕಡಿಮೆಯಾಯಿತು. ಹಸಿವು ಸತ್ತುಹೋಗುತ್ತದೆ, ಅಲಾರಾಂ ಇಟ್ಟುಕೊಂಡು ಊಟ ಮಾಡುತ್ತೇನೆ. ಒಮ್ಮೆ ಮರೆತು ಮಧ್ಯಾಹ್ನ ಒಂದಕ್ಕೆ ತಗೊಂಡೆ. ಆ ರಾತ್ರಿ ಮೂರಕ್ಕೆ ಅಡುಗೆಮನೆ ಡಬ್ಬಗಳನ್ನೆಲ್ಲ ಸಾಲಾಗಿ ಜೋಡಿಸಿ ಇಟ್ಟೆ, ಬೆಳಿಗ್ಗೆ ಅಮ್ಮನಿಗೆ ಸಾಸಿವೆ ಸಿಗಲಿಲ್ಲ.

ಆದರೆ ಮುಖ್ಯ ವಿಷಯ ಇದು. ತಲೆ ಎಚ್ಚರ ಆಗುತ್ತದೆ, ಕಾಲು ಎಚ್ಚರ ಆಗಲ್ಲ. ನನಗೆ ಇದು ಬಿದ್ದ ಮೇಲೆ ಗೊತ್ತಾಯಿತು. ಶುರುಮಾಡಿದ ಮೂರನೇ ವಾರ ಹುರುಪು ಬಂದುಬಿಟ್ಟಿತ್ತು. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ, ಸಂಜೆ ಮಾರ್ಕೆಟ್ಟು, ಮನೆಗೆ ಬಂದು ಬಟ್ಟೆ ಒಗೆದೆ. ಮಾರನೇ ದಿನ ಬಾತ್‌ರೂಮ್ ಹೊಸಿಲಿಗೆ ಪಾದ ಎತ್ತಲಾಗದೆ ಮುಗ್ಗರಿಸಿ ಮಣಿಕಟ್ಟು ಮುರಿದುಕೊಂಡೆ. ಮಾತ್ರೆ ಇಲ್ಲದಿದ್ದರೆ ಸುಸ್ತು ನನ್ನನ್ನು ಮೊದಲನೇ ಮಹಡಿಯಲ್ಲೇ ಕೂರಿಸುತ್ತಿತ್ತು.

ಪಾದ ಜೋತುಬಿದ್ದವರು ಪ್ರತಿ ಹೆಜ್ಜೆಗೂ ಮಂಡಿ ಎತ್ತಿ ನಡೆಯಬೇಕು ಅಲ್ವಾ, ಬೇರೆಯವರ ಒಂದು ಕಿಲೋಮೀಟರು ನಮಗೆ ಒಂದೂವರೆ. ಆ ಖರ್ಚು ಮಾತ್ರೆಯಿಂದ ಕಡಿಮೆಯಾಗಲ್ಲ. ಪಾದ ಜೋತುಬೀಳದಂತೆ ಕಾಲಿಗೆ ಹಾಕುವ ಎಎಫ್‌ಓ ಪಟ್ಟಿಯಿಂದ ನನಗೆ ಕಡಿಮೆಯಾಯಿತು. ನಿಮ್ಮ ಹತ್ತಿರ ಇದೆಯಾ?

ಹಿತೈಷಿ

ಇಂಗ್ಲಿಷ್ ಔಷಧಿ ಯಾಕೆ ಬೇಕು, ಅಶ್ವಗಂಧ ಹಾಲಿನಲ್ಲಿ ಕುಡಿಯಿರಿ, ವಿಟಮಿನ್ ಸಿ ಜಾಸ್ತಿ ತಗೊಳ್ಳಿ. ನರಕ್ಕೆ ಬಲ ಬರುತ್ತದೆ. ನಮ್ಮ ಷಡ್ಡಕನಿಗೆ ಆಗಿದೆ.

ಚಪ್ಪಲಿ ಕಳೆದವನು

ನಿಮ್ಮ ಷಡ್ಡಕನಿಗೆ ಸಿಎಂಟಿ 1ಎ ಇತ್ತಾ ಸರ್? ವಿಟಮಿನ್ ಸಿ ನಮ್ಮ ಕಾಯಿಲೆಗೇ ಪರೀಕ್ಷೆ ಮಾಡಿ ನೋಡಿ ಆಗಿದೆ. ಇಟಲಿ, ಬ್ರಿಟನ್‌ನಲ್ಲಿ 270ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಒಂದೂವರೆ ಗ್ರಾಂ ಹಾಗೆ ಎರಡು ವರ್ಷ ಕೊಟ್ಟರು. 2011ರಲ್ಲಿ ಫಲಿತಾಂಶ ಬಂತು, ಏನೂ ವ್ಯತ್ಯಾಸ ಇಲ್ಲ. ನೆಲ್ಲಿಕಾಯಿ ಉಪ್ಪಿನಕಾಯಿ ತಿನ್ನಿ, ರುಚಿಗೆ.

ಮೆಡಿಕಲ್ ಶಾಪ್‌ನವ

ಔಷಧಿ ಅಂಗಡಿ ಇಟ್ಟುಕೊಂಡು 17 ವರ್ಷ ಆಯಿತು. ಮೇಡಂ, ನಿಮ್ಮ ದೊಡ್ಡಮ್ಮನ ಮಗನ ಸ್ಟ್ರಿಪ್ ಅವರ ಹತ್ತಿರವೇ ಇರಲಿ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲದ ಮಾತ್ರೆ ಇದು. ಪರೀಕ್ಷೆ ಟೈಮಲ್ಲಿ ಕಾಲೇಜು ಹುಡುಗರು ಬಂದು "ಅಂಕಲ್, ಓದೋ ಮಾತ್ರೆ ಕೊಡಿ" ಅಂತ ಪಿಸುಗುಟ್ಟುತ್ತಾರೆ, ಮನೆಗೆ ಹೋಗಿ ಮಲಗ್ರೋ ಅಂತ ಬೈದು ಕಳಿಸುತ್ತೇನೆ.

ರಾತ್ರಿ ನಿದ್ದೆ ಬಗ್ಗೆ ಕೇಳಿದ್ದೀರಿ. ಅರ್ಧ ಮದ್ದು ಮೈಯಿಂದ ಹೋಗೋಕೇ 12ರಿಂದ 15 ಗಂಟೆ ಬೇಕು. ಬೆಳಿಗ್ಗೆ ಎಂಟಕ್ಕೆ ತಗೊಂಡರೆ ರಾತ್ರಿ ಹತ್ತಕ್ಕೂ ಅರ್ಧ ಒಳಗೇ ಇರುತ್ತದೆ ಅಂದ ಹಾಗೆ. ಅದಕ್ಕೇ ಬೆಳಿಗ್ಗೆ ಬಿಟ್ಟು ಬೇರೆ ಹೊತ್ತು ಬೇಡ. ಅಭ್ಯಾಸ ಆಗುವುದು ನಿದ್ದೆ ಮಾತ್ರೆಯಷ್ಟು ಇಲ್ಲ, ಆದರೆ ಇಲ್ಲವೇ ಇಲ್ಲ ಅಂತ ಹೇಳಲ್ಲ.

ಹೆಂಗಸರು ಕೇಳದೇ ಬಿಡುವ ಒಂದು ವಿಷಯ, ಸಂಕೋಚ ಬಿಟ್ಟು ಹೇಳುತ್ತೇನೆ. ಗರ್ಭ ನಿಲ್ಲದಿರಲಿ ಅಂತ ಮಾತ್ರೆ ತಗೊಳ್ಳುತ್ತಿದ್ದರೆ ಮೊಡಾಫಿನಿಲ್ ಅದರ ಕೆಲಸ ಕಡಿಮೆ ಮಾಡುತ್ತದೆ. ಇದನ್ನು ನಿಲ್ಲಿಸಿ ಒಂದು ತಿಂಗಳವರೆಗೂ ಆ ತೊಂದರೆ ಇರುತ್ತದೆ. ಗರ್ಭಿಣಿಯಾದರೆ ತಗೊಳ್ಳಲೇಬಾರದು, ಮಗುವಿಗೆ ಅಪಾಯ. ಫಿಟ್ಸ್, ರಕ್ತ ತೆಳುವಾಗಿಸುವ ಮಾತ್ರೆ ಇದ್ದವರು, ಬಿಪಿ, ಹೃದಯದ ತೊಂದರೆ ಇದ್ದವರು ಮೊದಲೇ ಡಾಕ್ಟರಿಗೆ ಹೇಳಬೇಕು. ಶುರುಮಾಡಿದ ಮೇಲೆ ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು ಬಂದರೆ ಮಾರನೇ ದಿನದ ಮಾತ್ರೆ ಬೇಡ, ಸೀದಾ ಆಸ್ಪತ್ರೆ. ಅಪರೂಪ, ಆದರೆ ಬಂದರೆ ತಮಾಷೆ ಅಲ್ಲ.

ಇನ್ನೊಂದು. ಪ್ರೀಗಾಬಲಿನ್ ಬೆಳಿಗ್ಗೆ ಒಂದು, ರಾತ್ರಿ ಒಂದು, ಜೊತೆಗೆ ಸಿಟ್ರಿಜಿನ್ ಲೆಕ್ಕಕ್ಕಿಲ್ಲ ಅಂತ ಬರೆದಿದ್ದೀರಿ. ಅದೇ ಲೆಕ್ಕ ಮೇಡಂ! ಎರಡೂ ತೂಕಡಿಕೆ ತರುವ ಮಾತ್ರೆಗಳು, ಜೊತೆಯಾದರೆ ಇನ್ನೂ ಜಾಸ್ತಿ. ಅದರ ಮೇಲೆ ಮೊಡಾಫಿನಿಲ್ ಅಂದರೆ ಸ್ಕೂಟರಿನ ಬ್ರೇಕ್ ಹಿಡಿದುಕೊಂಡೇ ಆಕ್ಸಿಲರೇಟರ್ ತಿರುಗಿಸಿದ ಹಾಗೆ. ನರರೋಗ ಡಾಕ್ಟರ ಹತ್ತಿರ ಬೆಳಗಿನ ಪ್ರೀಗಾಬಲಿನ್ ಬೇಕಾ ಅಂತ ಕೇಳಿ. ಆದರೆ ನಿಮ್ಮಷ್ಟಕ್ಕೆ ನೀವೇ ದಿಢೀರಂತ ನಿಲ್ಲಿಸಬೇಡಿ, ಅದನ್ನು ನಿಧಾನವಾಗಿ ಇಳಿಸಬೇಕು. ಅಂಗಡಿಯಲ್ಲಿ ನರದ ಟಾನಿಕ್ ಅಂತ ಕೇಳಿ ಬಿ6 ರಾಶಿ ಇರುವುದನ್ನು ವರ್ಷಗಟ್ಟಲೆ ನುಂಗುವವರೂ ಇದ್ದಾರೆ. ಬಿ6 ತುಂಬಾ ಜಾಸ್ತಿಯಾದರೆ ನರಕ್ಕೇ ಪೆಟ್ಟು. ಸಿಎಂಟಿಯವರಿಗೆ ಮೊದಲೇ ನರ ಸೋತಿದೆ.

ಪುತ್ತೂರಿನವ

ನೋಡಿ ಮಾರಾಯ್ರೆ, ನನಗೆ 63. ಸಿಎಂಟಿ ನನಗೂ ಉಂಟು, ಅಣ್ಣನಿಗೂ ಉಂಟು, ಮಗಳಿಗೆ ಇಲ್ಲ. ಒಬ್ಬೊಬ್ಬ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಅಂತ ಡಾಕ್ಟರು ಹೇಳಿದ್ದರು, ಅವಳ ಪಾಲಿಗೆ ಒಳ್ಳೆಯ ಅರ್ಧ ಬಂತು.

ನಾನೂ ಹಗಲಲ್ಲಿ ತೂಗುತ್ತಿದ್ದೆ. ಅಡಿಕೆ ಸುಲಿಯುತ್ತಾ ಕೂತಲ್ಲೇ ನಿದ್ದೆ. ಒಮ್ಮೆ ಸೊಸೈಟಿ ಮೀಟಿಂಗಿನಲ್ಲಿ ಗೊರಕೆ ಹೊಡೆದೆ, ಲೆಕ್ಕಪತ್ರ ಓದುವವರು ಪಾಪ ನಿಲ್ಲಿಸಿಬಿಟ್ಟರು. ಎಲ್ಲರೂ ಕಾಯಿಲೆಯ ಸುಸ್ತು ಅಂದರು, ನಾನೂ ಹಾಗೇ ಅಂದುಕೊಂಡೆ. ಹೆಂಡತಿ ಮಾತ್ರ ಬಿಡಲಿಲ್ಲ. "ನಿಮ್ಮ ಗೊರಕೆಗೆ ನನಗೆ ಹೆದರಿಕೆ ಇಲ್ಲ, ಅದು ನಿಂತಾಗ ಹೆದರಿಕೆ" ಅಂದಳು. ಉಸಿರು ನಿಲ್ಲುತ್ತದೆ, ಆಮೇಲೆ ಗಕ್ಕಂತ ಶುರುವಾಗುತ್ತದೆ. ಮಂಗಳೂರಿಗೆ ಹೋಗಿ ಒಂದು ರಾತ್ರಿ ನಿದ್ದೆಯ ಪರೀಕ್ಷೆ ಮಾಡಿಸಿದೆವು. ತಲೆಗೆ, ಎದೆಗೆ, ಕಾಲಿಗೆ ವೈರು ಅಂಟಿಸುವಾಗ ಚೌಕಿಯಲ್ಲಿ ವೇಷ ಕಟ್ಟಿಸಿಕೊಂಡು ಕೂತ ಹಾಗೆ ಆಯಿತು. ಅಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಎಲ್ಲಿ ಬರುತ್ತದೆ ಅಂದುಕೊಂಡೆ, ಬಂತು. ಗಂಟೆಗೆ 34 ಸಲ ಉಸಿರು ಕಟ್ಟುತ್ತಿತ್ತು. 30 ದಾಟಿದರೆ ಜೋರು ಅಂತ ಲೆಕ್ಕವಂತೆ.

ನಾನು ದಪ್ಪ ಇಲ್ಲ, 58 ಕೆಜಿ. ದಪ್ಪ ಇದ್ದವರಿಗೆ ಮಾತ್ರ ಇದು ಅಂತ ನಮ್ಮಲ್ಲಿ ನಂಬಿಕೆ ಉಂಟು. ಸಿಎಂಟಿಯಲ್ಲಿ ಗಂಟಲಿನ ನರವೂ ಸೋತಿರಬಹುದು, ಮಲಗಿದಾಗ ಗಂಟಲು ಕುಸಿಯುತ್ತದೆ ಅಂತ ಡಾಕ್ಟರು ಹೇಳಿದರು. ಈಗ ರಾತ್ರಿ ಗಾಳಿ ಒತ್ತಿ ಗಂಟಲು ತೆರೆದಿಡುವ ಸಿಪ್ಯಾಪ್ ಮಿಷನ್ನಿನ ಮುಖವಾಡ ಹಾಕಿ ಮಲಗುತ್ತೇನೆ. ಒಂದು ತಿಂಗಳು ಕಷ್ಟ ಆಯಿತು, ಮೊಮ್ಮಗ ಆನೆ ಅಂತ ಕರೆದ. ಹಗಲಿನ ತೂಕಡಿಕೆ ಮುಕ್ಕಾಲು ಹೋಗಿದೆ, ಮಾತ್ರೆ ಯಾವುದೂ ಇಲ್ಲ. ಹಾಗಾಗಿ ಮಗಳೇ, ಎಚ್ಚರದ ಮಾತ್ರೆ ಕೇಳುವ ಮೊದಲು ಯಜಮಾನರಲ್ಲಿ ಒಂದು ಮಾತು ಕೇಳು, ರಾತ್ರಿ ನಿನ್ನ ಉಸಿರು ಹೇಗಿರುತ್ತದೆ ಅಂತ. ಬೆಳಿಗ್ಗೆ ಏಳುವಾಗ ತಲೆನೋವು ಉಂಟಾ? ಅಂಗಾತ ಮಲಗಿದರೆ ಉಸಿರು ಸಾಲದಾ? ಇದ್ದರೆ ತಡಮಾಡಬೇಡ.

ಸೀಮೆಸುಣ್ಣ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೇ ದಿನದಲ್ಲಿ ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಅಂಕಲ್, ಯಜಮಾನರನ್ನು ಕೇಳಿದೆ. ಗೊರಕೆ ಇಲ್ಲವಂತೆ, ಆದರೆ ರಾತ್ರಿಯೆಲ್ಲ ಕಾಲು ಒದ್ದಾಡಿಸುತ್ತೇನಂತೆ. ನನಗೆ ಅದು ಗೊತ್ತೇ ಇರಲಿಲ್ಲ, ಅವರು ಹತ್ತು ವರ್ಷದಿಂದ ಒದೆ ತಿನ್ನುತ್ತಾ ಸುಮ್ಮನಿದ್ದರು.

ತೂಕಡಿಕೆಯಾ ಸುಸ್ತಾ ಅಂತ ಕೇಳಿದಿರಲ್ಲ, ಎರಡು ದಿನ ಗಮನಿಸಿದೆ. ಮಧ್ಯಾಹ್ನ ಎರಡರಿಂದ ನಾಲ್ಕು ತೂಕಡಿಕೆ. ಮನೆಗೆ ಬಂದ ಮೇಲೆ ಸುಸ್ತು, ಆಗ ಮಲಗಿದರೂ ನಿದ್ದೆ ಬರಲ್ಲ. ಎಎಫ್‌ಓ ಇದೆ, ಬೀರುವಿನಲ್ಲಿದೆ. ಸೀರೆ ಕೆಳಗೆ ಶೂ ಕಾಣುತ್ತದೆ ಅಂತ ಹಾಕಿಲ್ಲ. ಬೈಯಬೇಡಿ.

ಲೀಡ್ಸ್‌ನಲ್ಲಿರುವ ಹಾಸನದವಳು

ಬೈಯಲ್ಲ ಅಕ್ಕ, ನಾನೂ ಎರಡು ವರ್ಷ ಬೀರುವಿನಲ್ಲೇ ಇಟ್ಟಿದ್ದೆ.

ಮಾತ್ರೆ ವಿಷಯಕ್ಕೆ ಬಂದರೆ, ಇಲ್ಲಿ ನಾನು ಕೇಳಿದಾಗ ಡಾಕ್ಟರು ಕೊಡಲ್ಲ ಅಂದರು. ಯುರೋಪಿನಲ್ಲಿ 2010-11ರಲ್ಲಿ ಇದನ್ನು ಮತ್ತೆ ಪರಿಶೀಲಿಸಿ ನಾರ್ಕೊಲೆಪ್ಸಿಗೆ ಮಾತ್ರ ಅಂತ ಮಾಡಿದ್ದಾರೆ, ಚರ್ಮದ ತೊಂದರೆ, ಮನಸ್ಸಿನ ತೊಂದರೆ ಬರಬಹುದು ಅಂತ. ಅಮೆರಿಕದಲ್ಲಿರುವ ನನ್ನ ಗೆಳತಿಗೆ ಡಾಕ್ಟರು ಬರೆದುಕೊಡುತ್ತಾರೆ. ಒಂದೇ ಕಾಯಿಲೆ, ಒಂದೇ ಮಾತ್ರೆ, ಸಮುದ್ರ ದಾಟಿದರೆ ಬೇರೆ ಉತ್ತರ. ಮೊದಲು ಕೋಪ ಬಂದಿತ್ತು. ಆದರೆ ಕೊಡದಿದ್ದ ಡಾಕ್ಟರು ಸುಮ್ಮನೆ ಕಳಿಸಲಿಲ್ಲ. ಎಪ್‌ವರ್ತ್ ಅಂತ ಎಂಟು ಪ್ರಶ್ನೆಯ ಒಂದು ಹಾಳೆ ಕೊಟ್ಟರು. ಟಿವಿ ನೋಡುವಾಗ, ಬಸ್ಸಿನಲ್ಲಿ ಕೂತಾಗ ಎಷ್ಟು ತೂಕಡಿಕೆ ಬರುತ್ತದೆ ಅಂತ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಬೇಕು. 24ಕ್ಕೆ 10 ದಾಟಿದರೆ ನಿದ್ದೆಯ ಕಡೆ ನೋಡಬೇಕು ಅಂತ ಅರ್ಥ. ನನಗೆ ಆರೇ ಬಂತು. ಅಂದರೆ ನನ್ನದು ತೂಕಡಿಕೆ ಅಲ್ಲ, ಮಾತ್ರೆ ಕೊಟ್ಟಿದ್ದರೂ ದೊಡ್ಡ ಪ್ರಯೋಜನ ಆಗುತ್ತಿರಲಿಲ್ಲವೇನೋ. ಅಕ್ಕ, ನೀವೂ ಆ ಹಾಳೆ ತುಂಬಿಸಿಕೊಂಡು ಡಾಕ್ಟರ ಹತ್ತಿರ ಹೋಗಿ. ಸುಸ್ತು ಅಂದರೆ ನಗುತ್ತಾರೆ, 24ಕ್ಕೆ 15 ಅಂದರೆ ಪೆನ್ನು ಕೈಗೆ ತಗೊಳ್ಳುತ್ತಾರೆ.

ಕಾಲು ಒದ್ದಾಡಿಸುವುದನ್ನೂ ತಪ್ಪದೆ ಹೇಳಿ. ನಮ್ಮಂಥವರಲ್ಲಿ ಅದು ಜಾಸ್ತಿ. ಕಬ್ಬಿಣದ ಅಂಶ ಕಡಿಮೆ ಇದ್ದರೆ ಇನ್ನೂ ಜಾಸ್ತಿ, ಫೆರಿಟಿನ್ ಪರೀಕ್ಷೆ ಮಾಡಿಸಿ.

ಸೀಮೆಸುಣ್ಣ

ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಎಪ್‌ವರ್ತ್ ಹಾಳೆ ತುಂಬಿಸಿದೆ, 14 ಬಂತು. ಈ ಸಲ ಬೇರೆ ಡಾಕ್ಟರ ಹತ್ತಿರ ಹೋದೆ. ಕಾಲಿನ ಹಳೇ ರಿಪೋರ್ಟುಗಳ ಮೇಲೆ ಈ ಹಾಳೆ ಇಟ್ಟೆ, ಮೊದಲು ಅದನ್ನೇ ಓದಿದರು. ಲೀಡ್ಸ್ ತಂಗಿ, ನೀನು ಹೇಳಿದ್ದು ನಿಜ, ಪೆನ್ನು ಕೈಗೆ ಬಂತು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿ ಇದೆ. ಬಿ12 148 ಅಂತ ಬಂತು, 200ಕ್ಕಿಂತ ಕೆಳಗೆ ಇದ್ದರೆ ಕೊರತೆಯಂತೆ. ನಾವು ಮನೆಯಲ್ಲಿ ಮೊಟ್ಟೆಯೂ ತಿನ್ನಲ್ಲ. ಫೆರಿಟಿನ್ನೂ ಕಡಿಮೆ. ಬಿ12 ಕಡಿಮೆಯಾದರೆ ನರಕ್ಕೆ ಬೇರೆ ತೊಂದರೆ, ಸಿಎಂಟಿ ಜೊತೆಗೆ ಇನ್ನೊಂದು ಯಾಕೆ ಅಂತ ಇಂಜೆಕ್ಷನ್ ಶುರುಮಾಡಿದ್ದಾರೆ. ಬೆಳಗಿನ ಪ್ರೀಗಾಬಲಿನ್ ನಿಧಾನವಾಗಿ ಇಳಿಸಿ ನಿಲ್ಲಿಸಿದರು, ರಾತ್ರಿಯದು ಮಾತ್ರ ಇದೆ. ಸಿಟ್ರಿಜಿನ್ ಬದಲು ಅಷ್ಟು ತೂಕಡಿಕೆ ತರದ ಇನ್ನೊಂದು ಮಾತ್ರೆ. ಮೆಡಿಕಲ್ ಶಾಪ್ ಅಣ್ಣ, ನಿಮಗೆ ಮನೆಯವರೆಲ್ಲ ಸೇರಿ ನಮಸ್ಕಾರ ಹೇಳಿದ್ದಾರೆ.

ಮೊಡಾಫಿನಿಲ್ ಕೇಳಿದೆ. ಇಲ್ಲ ಅನ್ನಲಿಲ್ಲ. ಎರಡು ತಿಂಗಳು ಇದನ್ನೆಲ್ಲ ಸರಿಮಾಡಿ ಮತ್ತೆ ಆ ಹಾಳೆ ತುಂಬಿಸೋಣ, ಆಗಲೂ 10ರ ಮೇಲೆ ಇದ್ದರೆ ನಿದ್ದೆಯ ಪರೀಕ್ಷೆ, ಆಮೇಲೆ ಬೇಕಿದ್ದರೆ 100 ಮಿಲಿಗ್ರಾಂ ಅಂದರು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ನಿರಾಸೆಯೇ ಆಯಿತು, ಚೀಟಿ ಹಿಡಿದು ಬರೋಣ ಅಂತ ಹೋಗಿದ್ದೆ. ದೊಡ್ಡಮ್ಮನ ಮಗ ಸ್ಟ್ರಿಪ್ ಕೊರಿಯರ್ ಮಾಡಿಯೇಬಿಟ್ಟಿದ್ದ. ಬೀರುವಿನಲ್ಲಿ ಎಎಫ್‌ಓ ತೆಗೆದ ಜಾಗದಲ್ಲಿ ಇಟ್ಟಿದ್ದೇನೆ, ಮುಟ್ಟಿಲ್ಲ.

ಹಾಂ, ಎಎಫ್‌ಓ ತೆಗೆದೆ. ನಾಲ್ಕು ದಿನದಿಂದ ಹಾಕುತ್ತಿದ್ದೇನೆ, ಸ್ಕೂಲಿಗೆ ಚೂಡಿದಾರ್. ಮೂರು ಗಂಟೆಗೆ ಇನ್ನೂ ತೂಕಡಿಕೆ ಬರುತ್ತದೆ, ಆದರೆ ಹಣೆ ಬೋರ್ಡಿಗೆ ತಾಗಿಲ್ಲ. ಏಳನೇ ಪೀರಿಯಡ್ ಅನ್ನು ವಿಜ್ಞಾನದ ಮೇಷ್ಟ್ರಿಗೆ ಕೊಟ್ಟು ಅವರ ಎರಡನೇ ಪೀರಿಯಡ್ ತಗೊಂಡಿದ್ದೇನೆ. ಅವರಿಗೂ ಬೆಳಿಗ್ಗೆ ತಡವಾಗಿ ಬರುವ ಚಟ, ಖುಷಿಯಾಗಿ ಒಪ್ಪಿದರು.

ಒಂದೇ ತೊಂದರೆ. ನನ್ನ ಮಾಮೂಲಿ ಸೈಜಿನ ಶೂ ಒಳಗೆ ಪಟ್ಟಿ ಹೋಗುತ್ತಿಲ್ಲ, ಹೆಬ್ಬೆರಳ ಪಕ್ಕ ಗಾಯ ಆಗಿದೆ. ಸ್ಪರ್ಶ ಕಡಿಮೆ ಇರುವುದರಿಂದ ಸಂಜೆ ಕಾಲು ತೊಳೆಯುವಾಗ ರಕ್ತ ನೋಡಿಯೇ ಗೊತ್ತಾಗಿದ್ದು. ನೀವೆಲ್ಲ ಏನು ಮಾಡುತ್ತೀರಿ?

ಚಪ್ಪಲಿ ಕಳೆದವನು

ಗಾಯ ವಾಸಿ ಆಗುವವರೆಗೆ ಆ ಶೂ ಬೇಡ ಮೇಡಂ, ಡಾಕ್ಟರಿಗೆ ಒಮ್ಮೆ ತೋರಿಸಿ. ಆಮೇಲೆ ಒಂದು ಸೈಜ್ ದೊಡ್ಡದು, ಮುಂದೆ ಅಗಲ ಇರುವ ಲೇಸಿನ ಶೂ ನೋಡಿ. ಅಂಗಡಿಗೆ ಪಟ್ಟಿ ಜೊತೆಗೇ ಒಯ್ಯಿರಿ, ಸಂಜೆ ಹೊತ್ತು ಹೋಗಿ, ಆಗ ಪಾದ ಊದಿರುತ್ತದೆ. ಶೂ ಒಳಗಿನ ಮೆತ್ತೆ ಕಿತ್ತು ತೆಗೆದರೆ ಪಟ್ಟಿಗೆ ಜಾಗ ಸಿಗುತ್ತದೆ. ದಪ್ಪ ಕಾಟನ್ ಸಾಕ್ಸ್, ಹೊಲಿಗೆ ಬೆರಳಿಗೆ ತಾಗದ ಹಾಗೆ ಒಳಮೈ ಹೊರಗೆ ಮಾಡಿ ಹಾಕಿಕೊಳ್ಳಿ. ಬಿಳಿ ಬಣ್ಣದ್ದೇ ತಗೊಳ್ಳಿ, ರಕ್ತ ಬಂದರೆ ಬೇಗ ಕಾಣುತ್ತದೆ.